ವಾಚನ ಒಬ್ಬರದು, ವ್ಯಾಖ್ಯಾನ ಒಬ್ಬರದು: ಮಲೆನಾಡಿನ ಒಂದು ಉಪನ್ಯಾಸ ಮಾಲೆಯ ಪ್ರಕರಣ ಅಧ್ಯಯನ

ನಮ್ಮ ಊರಿನ ತಿಂಗಳ ಸಭೆಯೊಂದು ನಿಂತೇ ಹೋಗುವ ಹಂತಕ್ಕೆ ಬಂದು ಮತ್ತೆ ಚೇತರಿಸಿಕೊಂಡ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಸಭೆ ನಡೆಸುವ ಐವರಲ್ಲಿ ನಾನೂ ಒಬ್ಬ. ಊರು ಮಲೆನಾಡಿನ ಸೆರಗಿನಲ್ಲಿರುವ ಒಂದು ನಗರ. ಅದಕ್ಕಿಂತ ಹೆಚ್ಚಿನ ಗುರುತು ಬೇಡ. ವ್ಯಕ್ತಿಗಳ ಹೆಸರು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬೇರೆ ಊರುಗಳಲ್ಲಿ ಇಂಥದೇ ಸಭೆ ನಡೆಸುವವರು ಆಗಾಗ ಫೋನು ಮಾಡಿ, "ಜನ ಬರುತ್ತಿಲ್ಲ, ನೀವೇನು ಮಾಡಿದಿರಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಕೂತು ಬರೆಯಬೇಕಾಯಿತು.

ಹಿನ್ನೆಲೆ

ಸಭೆಯ ಕನಸು ಮೊದಲು ಕಂಡವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಓದಿನ ದಿನಗಳಲ್ಲಿ ಅವರು ಬೆಂಗಳೂರಿನಲ್ಲಿದ್ದರು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ನಡೆದೇ ಹೋಗುತ್ತಿದ್ದರಂತೆ. "ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ, ಯಾರು ಬೇಕಾದರೂ ಕೂರಬಹುದು. ನಮ್ಮ ಊರಿಗೆ ಅಂಥದೊಂದು ಬೇಡವೇ?" ಎಂದು ಕೇಳಿ ಅವರು ನಮ್ಮನ್ನು ಎಳೆದುಕೊಂಡರು.

ಈ ಕೆಲಸ ಕನ್ನಡಕ್ಕೆ ಹೊಸದೇನೂ ಆಗಿರಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರನ್ನು ಹಳ್ಳಿ ಪಟ್ಟಣಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸಿ, ಆ ಮಾತುಗಳನ್ನು ಅಂಗೈಯಗಲದ ಪುಸ್ತಕಗಳಾಗಿ ಅಚ್ಚು ಹಾಕಿಸಿತ್ತು. ಮೇಷ್ಟ್ರ ಮನೆಯ ಕಪಾಟಿನಲ್ಲಿ ಅವುಗಳಲ್ಲಿ ಹತ್ತಾರು ಈಗಲೂ ಇವೆ.

ನಾವು ಐವರು: ಮೇಷ್ಟ್ರು, ಔಷಧಿ ಅಂಗಡಿಯ ಮಾಲೀಕರೊಬ್ಬರು (ಅವರೇ ಖಜಾಂಚಿ), ಸರ್ಕಾರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಉಪನ್ಯಾಸಕಿ, ಮುದ್ರಣಾಲಯದ ಯುವಕ, ಮತ್ತು ನಾನು. ತಿಂಗಳ ಎರಡನೇ ಶನಿವಾರ ಸಂಜೆ ಸಭೆ. ಒಂದು ತಿಂಗಳು ವಿಜ್ಞಾನದ ಉಪನ್ಯಾಸ, ಮರುತಿಂಗಳು ಲೇಖಕರೊಬ್ಬರಿಂದ ತಮ್ಮ ಕೃತಿಯ ವಾಚನ. ಮೊದಲ ವರ್ಷ ಹೊಸತರ ಹುರುಪಿನಲ್ಲಿ ಅರುವತ್ತು ಕುರ್ಚಿಗಳೂ ತುಂಬಿದವು.

ಹನ್ನೊಂದು ಜನ

ಎರಡನೇ ವರ್ಷದ ಒಂದು ಶನಿವಾರ ತಲೆ ಎಣಿಸಿದಾಗ ಹನ್ನೊಂದು ಜನರಿದ್ದರು. ಅದರಲ್ಲಿ ಐವರು ನಾವೇ. ಕಾರಣ ಹುಡುಕುವುದಕ್ಕೆ ಕಷ್ಟವಾಗಲಿಲ್ಲ: ಮಳೆ, ಕ್ರಿಕೆಟ್, ಧಾರಾವಾಹಿ, ಮೊಬೈಲ್, ಅಡಿಕೆ ಕೊಯ್ಲು. ಅವೆಲ್ಲವೂ ಸಭಾಂಗಣದ ಹೊರಗಿನ ಕಾರಣಗಳು. ಒಳಗಿನದೂ ಒಂದು ಇರಬಹುದೆಂದು ನಮಗೆ ಹೊಳೆಯಲು ಇನ್ನೂ ಆರೇಳು ತಿಂಗಳು ಬೇಕಾಯಿತು.

ಆ ಆರೇಳು ತಿಂಗಳಲ್ಲಿ ಮಾಡಿದ್ದನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡ ಸಭಾಂಗಣ ಹಿಡಿದೆವು. ಖಾಲಿ ಕುರ್ಚಿಗಳು ಹೆಚ್ಚಾದವು. ಬಣ್ಣದ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದೆವು. ಅರ್ಧಕ್ಕಿಂತ ಹೆಚ್ಚು ಮುದ್ರಣಾಲಯದಲ್ಲೇ ಉಳಿದವು. ಕಾಲೇಜುಗಳ ಪ್ರಾಂಶುಪಾಲರನ್ನು ಕಂಡು, ಹಾಜರಾದ ವಿದ್ಯಾರ್ಥಿಗಳಿಗೆ ಪ್ರಮಾಣಪತ್ರ ಕೊಡುವ ಏರ್ಪಾಡು ಮಾಡಿದೆವು. ಇನ್ನೂರು ಮಕ್ಕಳು ಬಂದು ಕೂತರು. "ಪ್ರಶ್ನೆಗಳಿವೆಯೇ?" ಎಂದು ಭಾಷಣಕಾರರು ಕೇಳಿದಾಗ ಇನ್ನೂರು ತಲೆಗಳೂ ಒಟ್ಟಿಗೆ ಕೆಳಗೆ ಬಾಗಿದವು. ಪ್ರಮಾಣಪತ್ರ ಹಂಚುವ ಮೇಜಿನ ಬಳಿ ಮಾತ್ರ ನೂಕುನುಗ್ಗಲು. ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲವೆಂದು ಅವರ ಮನೆಯವರು ನನಗೆ ಹೇಳಿದರು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆವು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ನಾವು ಮಾಡಿದ ದೊಡ್ಡ ತಪ್ಪು ಅದೇ: ಕೇಳಲು ಬಂದವರನ್ನು ಎಣಿಸುವುದು ಬಿಟ್ಟು ಕೂತವರನ್ನು ಎಣಿಸಿದೆವು.

ಬಸ್ ಟಿಕೆಟ್ ಇಟ್ಟ ಪುಟ

ಆಮೇಲೆ ಒಬ್ಬ ಒಳ್ಳೆಯ ಕಥೆಗಾರ್ತಿಯನ್ನು ಕರೆಸಿದೆವು. ಹೊಸ ಸಂಕಲನ ಬಂದಿದ್ದರಿಂದ ವಾಚನದ ಜೊತೆಗೆ ಪುಸ್ತಕ ಬಿಡುಗಡೆಯನ್ನೂ ಇಟ್ಟುಕೊಂಡೆವು. ಐದೂವರೆಯ ಸಭೆ ಆರು ಗಂಟೆಯ ಮೇಲೆ ಆರಂಭವಾಯಿತು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ವೇದಿಕೆಯ ಮೇಲಿದ್ದ ಏಳು ಜನರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಬಳಿಕ ಬಿಡುಗಡೆ, ಕೃತಿ ಕುರಿತು ಇಬ್ಬರ ಮಾತು, ದಾನಿಯೊಬ್ಬರ ಶುಭ ಹಾರೈಕೆ. ಲೇಖಕಿ ಮೈಕಿನ ಮುಂದೆ ನಿಂತಾಗ ಎಂಟು ಗಂಟೆಗೆ ಹತ್ತು ನಿಮಿಷವಿತ್ತು. ಒಂಬತ್ತಕ್ಕೆ ಅವರು ಬಸ್ ಹಿಡಿಯಬೇಕಿತ್ತು, ಅಧ್ಯಕ್ಷ ಭಾಷಣ ಇನ್ನೂ ಬಾಕಿ. ಕೈಯಲ್ಲಿದ್ದ ಪುಸ್ತಕದ ನಡುವೆ ಬರುವಾಗಿನ ಬಸ್ ಟಿಕೆಟ್ಟನ್ನು ಗುರುತಿಗೆಂದು ಇಟ್ಟಿದ್ದರು. ಆ ಪುಟವನ್ನು ಒಮ್ಮೆ ಬಿಡಿಸಿದರು, ಸಭೆಯತ್ತ ನೋಡಿದರು, ಮುಚ್ಚಿದರು. ಎಲ್ಲರಿಗೂ ವಂದನೆ ಹೇಳಿ ಕೂತರು. ಒಂದು ಸಾಲನ್ನೂ ಓದಲಿಲ್ಲ.

ಹೊರಗೆ ಚಪ್ಪಲಿ ಹುಡುಕುತ್ತಿದ್ದ ಒಬ್ಬ ಹೆಂಗಸು ನನ್ನನ್ನು ಕಂಡು, "ಅವರ ಬಾಯಲ್ಲೇ ಆ ಕಥೆ ಕೇಳಬೇಕೆಂದು ಆಸೆಯಿಂದ ಬಂದಿದ್ದೆ" ಎಂದರು. ದೂರಿನ ದನಿಯೇನೂ ಇರಲಿಲ್ಲ. ಅದಕ್ಕೇ ಇನ್ನಷ್ಟು ನೋವಾಯಿತು. ನಮ್ಮ ಸಭೆಯಲ್ಲಿ ಕರೆದವರ ಮಾತಿಗೇ ಜಾಗವಿಲ್ಲ ಎಂಬುದು ಆ ಚಪ್ಪಲಿ ರಾಶಿಯ ಬಳಿ ನನಗೆ ತಿಳಿಯಿತು.

ಕಪ್ಪೆಯ ಸಂಜೆ

ಮರುತಿಂಗಳು ವಿಜ್ಞಾನದ ಸರದಿ. ಪಶ್ಚಿಮ ಘಟ್ಟದ ಕಪ್ಪೆಗಳನ್ನು ಅಧ್ಯಯನ ಮಾಡುವ ಯುವ ಸಂಶೋಧಕರೊಬ್ಬರು ಬರಲು ಒಪ್ಪಿದ್ದರು. ಅವರಿಗೆ ಕನ್ನಡ ಬಾರದು. ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತಾಡಿಸಿದರೆ ಹನ್ನೊಂದು ಜನ ಆರಾಗುತ್ತಾರೆ, ವಾಕ್ಯ ವಾಕ್ಯಕ್ಕೂ ಅನುವಾದ ಮಾಡಿಸಿದರೆ ಎರಡು ಗಂಟೆಯಾಗುತ್ತದೆ ಎಂದು ನಾವು ತಲೆ ಕೆಡಿಸಿಕೊಂಡಿದ್ದೆವು. ಆಗ ಖಜಾಂಚಿಯವರು ಹೇಳಿದ ಮಾತು ಈ ಪ್ರಕರಣದ ತಿರುವು. ಅವರ ಮನೆತನದಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳುವ ರೂಢಿ ಇದೆ. "ಕುಮಾರವ್ಯಾಸನನ್ನು ನಮ್ಮಜ್ಜಿಗೆ ಯಾರೂ ಅನುವಾದ ಮಾಡಿಕೊಡಲಿಲ್ಲ. ವಾಚನ ಒಬ್ಬರು ಮಾಡುತ್ತಿದ್ದರು, ವ್ಯಾಖ್ಯಾನ ಒಬ್ಬರು. ಅಜ್ಜಿಗೆ ಎಲ್ಲವೂ ತಿಳಿಯುತ್ತಿತ್ತು. ಇದನ್ನೂ ಹಾಗೇ ಮಾಡೋಣ."

ಗಮಕ ನಮ್ಮ ಸೀಮೆಯ ಜನಕ್ಕೆ ಪರಿಚಿತ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಅದಕ್ಕೆ ಹೆಸರಾದ ಊರು; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಮಲೆನಾಡೆಲ್ಲ ಹೆಮ್ಮೆಪಟ್ಟಿತ್ತು. ವ್ಯಾಖ್ಯಾನಕಾರರು ಪದ್ಯದ ಪದಪದವನ್ನು ಬಿಡಿಸುತ್ತಾ ಕೂರುವುದಿಲ್ಲ. ಕಥೆ ಎಲ್ಲಿಗೆ ಬಂತು, ಈ ಮಾತು ಯಾರು ಯಾರಿಗೆ ಆಡಿದ್ದು, ಇದರಲ್ಲಿ ಸವಿಯಬೇಕಾದ್ದು ಏನು ಎಂಬುದನ್ನು ಕೇಳುವವರ ಕಡೆ ನಿಂತು ಹೇಳುತ್ತಾರೆ. ಸಸ್ಯಶಾಸ್ತ್ರದ ಉಪನ್ಯಾಸಕಿ ಆ ಕೆಲಸಕ್ಕೆ ಒಪ್ಪಿಕೊಂಡರು. ಸಂಶೋಧಕರೊಂದಿಗೆ ಮೊದಲೇ ಒಂದು ಗಂಟೆ ಫೋನಿನಲ್ಲಿ ಮಾತಾಡಿ, ಎಲ್ಲೆಲ್ಲಿ ನಿಲ್ಲಿಸಬೇಕೆಂದು ಗೊತ್ತು ಮಾಡಿಕೊಂಡರು. ಆರೇಳು ನಿಮಿಷ ಅವರು, ಮೂರ್ನಾಲ್ಕು ನಿಮಿಷ ಇವರು.

ಆ ಸಂಜೆ ಸಂಶೋಧಕರು ಕುಂಬಾರ ಕಪ್ಪೆಯ ಚಿತ್ರ ತೋರಿಸಿದರು. 2014ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನ ಲೋಕ ಗುರುತಿಸಿದ ಈ ಇರುಳುಗಪ್ಪೆಯ ಹೆಸರಿನಲ್ಲೇ 'ಕುಂಬಾರ' ಎಂಬ ನಮ್ಮ ಪದವಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಾಡಿನ ಸಣ್ಣ ಹಳ್ಳಗಳಲ್ಲಿ ಅದರ ವಾಸ. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಹಳ್ಳದ ತಳದಿಂದ ಕೈತುಂಬ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಉಪನ್ಯಾಸಕಿ ಇದನ್ನು ಹೇಳುವಾಗ ತಮ್ಮ ಎಡಗೈ ಮುಷ್ಟಿಯನ್ನು ಮೊಟ್ಟೆಯ ಗೊಂಚಲಾಗಿ ಹಿಡಿದು, ಬಲಗೈ ಬೆರಳುಗಳಿಂದ ಮೆತ್ತಿ ತೋರಿಸಿದರು. ಮೂರನೇ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ತೋಟದ ಕೆಲಸದವರು, ಅಳಿಯನ ಬೈಕಿನಲ್ಲಿ ಬಂದವರು.

"ಅಬ್ಬಿ ನೀರಿನ ಪೈಪು ಸರಿಮಾಡಲು ಹಳ್ಳಕ್ಕೆ ಇಳಿದಾಗ ಕಡ್ಡಿಗೆ ಮೆತ್ತಿದ ಕೆಸರುಂಡೆ ಎಷ್ಟೋ ಸಲ ನೋಡಿದ್ದೇನೆ. ಕುಂಬಾರ ಹುಳುವಿನ ಗೂಡು ಎಂದುಕೊಂಡಿದ್ದೆ. ಅದು ಕಪ್ಪೆಯದೋ?"

ಉಪನ್ಯಾಸಕಿ ಈಗ ವ್ಯಾಖ್ಯಾನವನ್ನು ಆಚೆ ಕಡೆಗೆ ಮಾಡಬೇಕಾಯಿತು. ಸಂಶೋಧಕರು ಕೇಳಿಸಿಕೊಂಡು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ನೀರಿನಿಂದ ಎಷ್ಟು ಎತ್ತರದಲ್ಲಿತ್ತು? ಮಳೆಗಾಲದ ಮೊದಲೋ, ಹಿಡಿದ ಮೇಲೋ? ಕೆಸರು ಹಸಿಯಾಗಿತ್ತೇ, ಒಣಗಿತ್ತೇ? ಹಿರಿಯರು ಮೊಣಕಾಲಿನ ಬಳಿ ಕೈ ಹಿಡಿದು ಎತ್ತರ ತೋರಿಸಿದರು. ಎಲ್ಲ ಬರೆದುಕೊಂಡ ಮೇಲೆ ಸಂಶೋಧಕರು ಹೇಳಿದ್ದು ಇಷ್ಟು: ಹುಳುವಿನದೂ ಇರಬಹುದು, ಕಪ್ಪೆಯದೂ ಇರಬಹುದು, ಕಣ್ಣಾರೆ ನೋಡದೆ ಹೇಳಲಾರೆ. ಮುಂದಿನ ಮಳೆಗೆ ಕರೆದುಕೊಂಡು ಹೋಗುತ್ತೀರಾ?

ಸಭೆ ಒಂಬತ್ತಾದರೂ ಕರಗಲಿಲ್ಲ. ಬಂದಿದ್ದವರು ಇಪ್ಪತ್ತಕ್ಕಿಂತ ಕಡಿಮೆ. ನನಗೆ ಅದು ನಮ್ಮ ಅತಿ ದೊಡ್ಡ ಸಭೆಯಾಗಿ ನೆನಪಿದೆ. 'ನೋಡದೆ ಹೇಳಲಾರೆ' ಎಂಬ ಮಾತನ್ನು ಅಷ್ಟು ಓದಿದವರ ಬಾಯಲ್ಲಿ ಕೇಳಿದ್ದೇ ಆ ರಾತ್ರಿಯ ನಿಜವಾದ ವಿಜ್ಞಾನ ಪಾಠ ಎಂದು ಮುದ್ರಣಾಲಯದ ಯುವಕ ಅಂದದ್ದು ಸರಿ.

ಮೇಷ್ಟ್ರ ಜಗುಲಿ

ಮರುದಿನ ಮೇಷ್ಟ್ರ ಮನೆಯ ಜಗುಲಿಯಲ್ಲಿ ಕೂತೆವು. ವ್ಯಾಖ್ಯಾನದ ಕ್ರಮವನ್ನು ಮುಂದುವರಿಸಲು ಯಾರದೂ ತಕರಾರಿರಲಿಲ್ಲ. ತಕರಾರು ಬಂದದ್ದು ವೇದಿಕೆಯ ವಿಧಿಗಳನ್ನು ಕೈಬಿಡುವ ಮಾತಿಗೆ. ವ್ಯಾಖ್ಯಾನಕ್ಕೂ ಪ್ರಶ್ನೆಗೂ ಹೊತ್ತು ಬೇಕೆಂದರೆ ಬೇರೆ ಎಲ್ಲಿಂದ ತರುವುದು?

ಮೇಷ್ಟ್ರು ನೊಂದರು. "ಕರೆದವರನ್ನು ಗೌರವಿಸುವುದು ನಮ್ಮ ಸಂಸ್ಕೃತಿ. ದೂರದಿಂದ ಬಂದವರಿಗೆ ಒಂದು ಶಾಲು ಹೊದಿಸಬಾರದೇ?" ಎಂದು ಕೇಳಿದರು. ಪ್ರತಿ ತಿಂಗಳ ಅಧ್ಯಕ್ಷ ಭಾಷಣ ಅವರದೇ. ಅದಕ್ಕಾಗಿ ಅವರು ವಾರವಿಡೀ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಆ ಶ್ರಮವನ್ನು ಬಲ್ಲ ನಮಗೆ ಮಾತು ಹೊರಡಲಿಲ್ಲ. ಉಪನ್ಯಾಸಕಿ ಮೆಲ್ಲಗೆ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನ ಸಂಗತಿ ಹೇಳಿದರು. 1825ರಲ್ಲಿ ಮೈಕೆಲ್ ಫ್ಯಾರಡೆ ಆರಂಭಿಸಿದ ಅಲ್ಲಿನ ಶುಕ್ರವಾರದ ಉಪನ್ಯಾಸಗಳ ಸಂಪ್ರದಾಯದಲ್ಲಿ ಸ್ವಾಗತವಿಲ್ಲ, ಪರಿಚಯವಿಲ್ಲ. ಗಂಟೆ ಬಾರಿಸಿದ ಕೂಡಲೇ ಉಪನ್ಯಾಸಕರು ಒಳಬಂದು ನೇರವಾಗಿ ವಿಷಯಕ್ಕೆ ಕೈಹಾಕುತ್ತಾರೆ, ಒಂದು ಗಂಟೆಗೆ ಸರಿಯಾಗಿ ಮುಗಿಸುತ್ತಾರೆ. "ಅಲ್ಲಿ ಮಾತನ್ನು ಕೇಳುವುದನ್ನೇ ಗೌರವ ಎಂದುಕೊಂಡಿದ್ದಾರೆ, ಮೇಷ್ಟ್ರೇ." ಖಜಾಂಚಿಯವರು ಮನೆಯ ಹತ್ತಿರದ ಉದಾಹರಣೆ ಕೊಟ್ಟರು: 2021ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರವೇ ತನ್ನ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದಿತ್ತು.

ಮೇಷ್ಟ್ರು ಆ ದಿನ ಒಪ್ಪಲೂ ಇಲ್ಲ, ಒಪ್ಪುವುದಿಲ್ಲ ಎನ್ನಲೂ ಇಲ್ಲ. ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಎರಡನೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂತರು. ವೇದಿಕೆಯ ಮೇಲೆ ಎರಡೇ ಕುರ್ಚಿ ಉಳಿದವು. ಅಲ್ಲಿ ಕೂರುವ ಅವಕಾಶವಿಲ್ಲವೆಂದು ದಾನಿಯೊಬ್ಬರು ಕೈಬಿಟ್ಟರು, ಶಾಲು ಹಾರದ ಖರ್ಚು ಉಳಿದಿದ್ದರಿಂದ ಹೆಚ್ಚೇನೂ ಕೊರತೆಯಾಗಲಿಲ್ಲ. ಅತಿಥಿಗಳಿಗೆ ಒಂದು ಪುಸ್ತಕ, ಪ್ರಯಾಣದ ಖರ್ಚು, ಉಪನ್ಯಾಸಕಿಯ ಮನೆಯ ಊಟ.

ಕಥೆಗೆ ಆ ಮದ್ದು ಹಿಡಿಸಲಿಲ್ಲ

ಗೆದ್ದ ಉಪಾಯವನ್ನು ಎಲ್ಲದಕ್ಕೂ ಹಚ್ಚಲು ಹೊರಟು ಒಮ್ಮೆ ಎಡವಿದೆವು. ಮುಂದಿನ ಲೇಖಕರ ವಾಚನಕ್ಕೂ ಒಬ್ಬ ವ್ಯಾಖ್ಯಾನಕಾರರನ್ನು ಗೊತ್ತು ಮಾಡಿದೆವು. ಲೇಖಕರು ಎರಡು ಪುಟ ಓದಿ ನಿಲ್ಲಿಸಿದರು, ವ್ಯಾಖ್ಯಾನಕಾರರು ಆ ಎರಡು ಪುಟದ ಅಂತರಾರ್ಥ ಹೇಳಿದರು. ಕಥೆ ಸತ್ತೇ ಹೋಯಿತು. ಮುಂದೇನಾಗುತ್ತದೆ ಎಂಬ ಕುತೂಹಲದಲ್ಲಿದ್ದವರಿಗೆ ಅದರ ಅರ್ಥವೇನು ಎಂದು ಯಾರಾದರೂ ಹೇಳಿದರೆ ಕಿರಿಕಿರಿಯೇ. ಮಹಾಭಾರತದ ಕಥೆ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಅಲ್ಲಿ ವ್ಯಾಖ್ಯಾನ ನಡೆಯುತ್ತದೆ, ಹೊಸ ಕಥೆಗೆ ನಡೆಯುವುದಿಲ್ಲ ಎಂಬ ಸಣ್ಣ ವಿವೇಕ ನಮಗೆ ಆಗ ಬಂತು. ಈಗ ಲೇಖಕರು ತಡೆಯಿಲ್ಲದೆ ಇಪ್ಪತ್ತೈದು ನಿಮಿಷ ಓದುತ್ತಾರೆ. ಆ ಬಳಿಕ ಕೃತಿಯನ್ನು ಮೊದಲೇ ಓದಿಕೊಂಡ ಒಬ್ಬರು ಎದುರು ಕೂತು ಪ್ರಶ್ನೆ ಕೇಳುತ್ತಾರೆ. ಬಸ್ ಟಿಕೆಟ್ಟಿನ ಲೇಖಕಿಯನ್ನು ಮತ್ತೆ ಕರೆಸಿ, ಅಂದು ಓದದೆ ಉಳಿದ ಕಥೆಯನ್ನೇ ಓದಿಸಿದೆವು. ಅವರ ಕರಾವಳಿಯ ಕನ್ನಡದ ರಾಗ, ಎಳೆತ, ನಡುವಿನ ಮೌನ, ಇವು ಯಾವುದೂ ಅಚ್ಚಿನ ಪುಟದಲ್ಲಿರಲಿಲ್ಲ. ಚಪ್ಪಲಿ ಹುಡುಕುತ್ತಿದ್ದ ಆ ಹೆಂಗಸಿಗೆ ನಾನೇ ಫೋನು ಮಾಡಿ ಹೇಳಿದ್ದೆ. ಅವರು ಮಗಳನ್ನೂ ಕರೆತಂದಿದ್ದರು.

ಚೀಟಿಗಳು

ಜನ ಹೆಚ್ಚಿದರೂ ಪ್ರಶ್ನೆ ಕೇಳುವವರು ಯಾವಾಗಲೂ ಅದೇ ಐದಾರು ಗಂಡಸರು. ಹೆಂಗಸರು, ಹಳ್ಳಿಯಿಂದ ಬಂದವರು ಮೈಕಿಗೆ ಕೈ ಚಾಚುತ್ತಿರಲಿಲ್ಲ. ಮುದ್ರಣಾಲಯದ ಯುವಕ ಉಳಿದಿದ್ದ ಆಹ್ವಾನ ಪತ್ರಿಕೆಗಳನ್ನು ನಾಲ್ಕು ತುಂಡಾಗಿ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಪ್ರಶ್ನೆ ಬರೆಯಲು ಹಂಚಿದ. ಹೆಸರು ಬರೆಯಬೇಕಿಲ್ಲ.

ಅದರ ಬೆಲೆ ತಿಳಿದದ್ದು ಮಂಗನ ಕಾಯಿಲೆಯ ಉಪನ್ಯಾಸದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿದ್ದ ಉಣುಗುಗಳು ನೆಲಕ್ಕೆ ಇಳಿಯುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಮರಿ ಉಣುಗುಗಳ ಕಾಲ. ಉಪನ್ಯಾಸ ಮಾಡಿದ ವೈದ್ಯೆ ಇವೆಲ್ಲವನ್ನೂ ಚೆನ್ನಾಗಿ ಹೇಳಿ, ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಉಣುಗು ಹತ್ತದಂತೆ ಮೈಗೆ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಎಂದರು. ಚೀಟಿಗಳು ಬಂದವು. ಒಂದರಲ್ಲಿ ಪೆನ್ಸಿಲಿನಲ್ಲಿ ಹೀಗಿತ್ತು: "ದರಗು ತರಲು ಕಾಡಿಗೆ ಹೋಗಬೇಡಿ ಅಂದಿರಿ. ಕೊಟ್ಟಿಗೆಗೆ ಏನು ಹಾಸುವುದು?"

ವೈದ್ಯೆ ಚೀಟಿಯನ್ನು ಎರಡು ಸಲ ಓದಿದರು. ದರಗೆಂದರೆ ಕಾಡಿನಲ್ಲಿ ಉದುರಿದ ಒಣ ಎಲೆ. ಎಲೆ ಉದುರುವ ಕಾಲವೂ ಉಣುಗಿನ ಕಾಲವೂ ಒಂದೇ. ದರಗಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. "ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಇಲ್ಲಿರುವವರಲ್ಲಿ ಯಾರಾದರೂ ಹೇಳುತ್ತೀರಾ?" ಎಂದರು. ಒಬ್ಬರು ಅಡಿಕೆ ಸಿಪ್ಪೆ ಹಾಸುತ್ತೇವೆ ಎಂದರು, ಇನ್ನೊಬ್ಬರು ಭತ್ತದ ಹುಲ್ಲು ಎಂದರು. ಹುಲ್ಲು ದನಕ್ಕೇ ಸಾಲದು ಎಂದು ಹಿಂದಿನಿಂದ ಒಬ್ಬ ಹೆಂಗಸು ಗಟ್ಟಿಯಾಗಿಯೇ ಹೇಳಿದರು. ಚೀಟಿ ಅವರದೇ ಇರಬಹುದು. ಅಂದು ಪ್ರಶ್ನೆ ಬಗೆಹರಿಯಲಿಲ್ಲ. ಆದರೆ ಆರೋಗ್ಯದ ತಿಳಿವಳಿಕೆ ಯಾವ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ವೈದ್ಯೆಯೂ ನಾವೂ ಒಟ್ಟಿಗೆ ಕಂಡೆವು.

ವರ್ಗಾವಣೆ

ಎಲ್ಲವೂ ಹಳಿಗೆ ಬಂತು ಎನ್ನುವಾಗ ಉಪನ್ಯಾಸಕಿಗೆ ಬೇರೆ ಜಿಲ್ಲೆಗೆ ವರ್ಗಾವಣೆಯಾಯಿತು. ಸಭೆ ಅವರೊಬ್ಬರ ನಾಲಿಗೆಯ ಮೇಲೆ ನಿಂತಿದ್ದು ಆಗ ತಿಳಿಯಿತು. ಮುಂದಿನ ಎರಡು ಉಪನ್ಯಾಸಗಳು ತೊದಲಿದವು. ಒಮ್ಮೆ ವ್ಯಾಖ್ಯಾನಕ್ಕೆ ನಿಂತವರು ಅತಿಥಿಗಿಂತ ಹೆಚ್ಚು ಮಾತಾಡಿದರು. ಮತ್ತೊಮ್ಮೆ ಪಾರಿಭಾಷಿಕ ಪದಕೋಶವೇ ಮೈಕಿನಲ್ಲಿ ಉದುರಿತು. ಕಪ್ಪೆ ಎನ್ನಬೇಕಾದಲ್ಲಿ ಉಭಯಜೀವಿ ಎಂದರೆ ಮೂರನೇ ಸಾಲಿನ ಹಿರಿಯರು ಹೇಗೆ ಎದ್ದು ನಿಂತಾರು? ಒಬ್ಬರನ್ನೇ ನೆಚ್ಚಿಕೊಂಡದ್ದು ನಮ್ಮ ತಪ್ಪು. ವ್ಯಾಖ್ಯಾನ ಶುರುವಾದ ಮೊದಲ ವರ್ಷದಲ್ಲೇ ಇನ್ನಿಬ್ಬರನ್ನು ಅವರ ಪಕ್ಕದಲ್ಲಿ ಕೂರಿಸಬೇಕಿತ್ತು.

ಅವರು ಹೋಗುವ ಮುನ್ನ ತಮ್ಮ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಅತಿಥಿಗೆ ವಾರದ ಮೊದಲು ಫೋನು ಮಾಡಿ ಮೂರು ಮಾತು ಕೇಳಬೇಕು: ಕೇಳಿದವರು ಮನೆಗೆ ಒಯ್ಯಲೇಬೇಕಾದ ಒಂದು ಸಂಗತಿ ಯಾವುದು? ಯಾವ ಪದಕ್ಕೆ ಕನ್ನಡ ಸಿಗದೆ ಒದ್ದಾಡುತ್ತಿದ್ದೀರಿ? ನಮ್ಮ ಜನರಿಂದ ನೀವು ತಿಳಿಯಬೇಕಾದ್ದು ಏನಾದರೂ ಇದೆಯೇ? ಮೂರನೆಯದನ್ನು ಕೇಳಿಸಿಕೊಂಡ ಅತಿಥಿಗಳು ಮೊದಲು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆ ಬಳಿಕ ಅವರ ಉಪನ್ಯಾಸವೇ ಬೇರೆಯಾಗಿ ಸಿದ್ಧವಾಗುತ್ತದೆ. ಬೇರೆ ಊರಿನವರು ನಮ್ಮಿಂದ ಒಂದನ್ನೇ ತೆಗೆದುಕೊಂಡು ಹೋಗುವುದಾದರೆ ಈ ಮೂರನೇ ಪ್ರಶ್ನೆಯನ್ನು ಒಯ್ಯಲಿ ಎಂಬುದು ನನ್ನ ಆಸೆ. ಈಗ ಆ ಹಾಳೆ ಹಿಡಿದು ಮೂವರು ಸರದಿಯ ಮೇಲೆ ವ್ಯಾಖ್ಯಾನ ಮಾಡುತ್ತಾರೆ: ಒಬ್ಬ ಪ್ರೌಢಶಾಲೆಯ ಶಿಕ್ಷಕ, ಒಬ್ಬ ಶುಶ್ರೂಷಕಿ, ಒಬ್ಬ ಕೃಷಿ ಪದವೀಧರ. ಯಾರ ಬಲವಂತವೂ ಇಲ್ಲದೆ ತಿಂಗಳಿಗೆ ನಲವತ್ತು ಐವತ್ತು ಜನ ಬರುತ್ತಾರೆ. ಭಾರೀ ಮಳೆಯಿದ್ದರೆ ಇಪ್ಪತ್ತು.

ಉತ್ತರ ಸಿಗದ ಚೀಟಿಗಳನ್ನು ಮೇಷ್ಟ್ರು ಮನೆಗೆ ಒಯ್ದು ಒಂದು ನೋಟುಪುಸ್ತಕದಲ್ಲಿ ಅಂಟಿಸುತ್ತಾರೆ. ಅಧ್ಯಕ್ಷ ಭಾಷಣದ ಟಿಪ್ಪಣಿ ಮಾಡುತ್ತಿದ್ದ ಪುಸ್ತಕ ಅದು. ಹಿಂದಿನ ಅರ್ಧದಲ್ಲಿ ಈಗ ಚೀಟಿಗಳಿವೆ. ಮುಂದಿನ ತಿಂಗಳ ವಿಷಯವನ್ನು ಆರಿಸಿದ್ದು ಅಲ್ಲಿಂದಲೇ. "ನಮ್ಮ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತದೆ. ಕಡ್ಡಿಯಿಂದ ತಟ್ಟಿದರೆ ಗಾಜಿನ ಚೂರಿನಂತೆ ಒಡೆಯುತ್ತದೆ. ಎಣ್ಣೆಯೋ, ಬೇರೆ ಏನೋ?" ಎಣ್ಣೆಯಾಗಿದ್ದರೆ ಒಡೆದ ಪೊರೆ ಮತ್ತೆ ಕೂಡಿಕೊಳ್ಳುತ್ತಿತ್ತು, ಚೂರು ಚೂರಾಗಿ ನಿಲ್ಲುವುದು ಕಬ್ಬಿಣದ ಅಂಶವಿರುವ ನೀರಿನ ಬ್ಯಾಕ್ಟೀರಿಯಾಗಳ ಲಕ್ಷಣ ಎಂದು ಬರಲಿರುವ ಅತಿಥಿ ಫೋನಿನಲ್ಲೇ ಹೇಳಿದರು. ಮೂರನೇ ಪ್ರಶ್ನೆಗೂ ಉತ್ತರ ಕೊಟ್ಟಿದ್ದಾರೆ: ಊರಿನ ಯಾವ ಯಾವ ಬಾವಿಯಲ್ಲಿ ಹೀಗಾಗುತ್ತದೆ ಎಂದು ಅವರಿಗೆ ತಿಳಿಯಬೇಕಂತೆ. ಬರುವವರು ಒಂದೊಂದು ಬಾಟಲಿಯಲ್ಲಿ ತಮ್ಮ ಬಾವಿಯ ನೀರು ತರಬೇಕೆಂದು ಈ ಸಲದ ಪ್ರಕಟಣೆಯಲ್ಲಿ ಹಾಕಿದ್ದೇವೆ. ಬಾಟಲಿಗಳನ್ನು ಸಾಲಾಗಿ ಇಡಲು ಮೇಷ್ಟ್ರು ವೇದಿಕೆಯ ಮೇಲೆ ಉದ್ದನೆಯ ಮೇಜೊಂದನ್ನು ಹಾಕಿಸುತ್ತಿದ್ದಾರೆ.